ವಾದ್ಯ ಹಿಡಿದ ಮೈಯಲ್ಲಿ ಪೇಸ್‌ಮೇಕರಿಗೆ ಜಾಗ ಎಲ್ಲಿ?

ಪೇಸ್‌ಮೇಕರ್ ಹಾಕುವ ಮುನ್ನ ಜಾಗದ ಬಗ್ಗೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ನೀವು ಬಲಗೈಯವರೋ ಎಡಗೈಯವರೋ? ಬಲಗೈ ಎಂದರೆ ಎಡ ಎದೆ, ಎಡಗೈ ಎಂದರೆ ಬಲ ಎದೆ. ದುಡಿಯುವ ಕೈಯ ಕಡೆ ಗಾಯ ಬೇಡ, ಆ ಭುಜದ ಎಳೆದಾಟಕ್ಕೆ ತಂತಿ ಸವೆಯುವುದು ಬೇಡ ಎಂಬ ಲೆಕ್ಕ ಅದು. ಬಹುತೇಕರಿಗೆ ಅಷ್ಟು ಸಾಕು. ಸಂಗೀತವನ್ನೇ ದುಡಿಮೆ ಮಾಡಿಕೊಂಡವರಿಗೆ ಸಾಲದು. ಪಿಟೀಲಿನವರಿಗೆ ಎಡ ಎದೆಯೇ ವಾದ್ಯದ ಪೀಠ. ನಿಂತು ಗಿಟಾರ್ ನುಡಿಸುವವರಿಗೆ ಎಡ ಹೆಗಲೇ ಪಟ್ಟಿಯ ಗೂಟ. ಅಡ್ಡಕೊಳಲಿನವರ ಎಡತೋಳು ಗಂಟೆಗಟ್ಟಲೆ ಎದೆಯ ಮೇಲೆ ಅಡ್ಡ ಬಿದ್ದಿರುತ್ತದೆ. ಇವರೆಲ್ಲ ಬರೆಯುವುದು, ಉಣ್ಣುವುದು ಬಲಗೈಯಲ್ಲೇ. ವಾದ್ಯ ಹಿಡಿದಾಗ ಅದು ಮೈಗೆ ಎಲ್ಲೆಲ್ಲಿ ಒತ್ತುತ್ತದೆ, ಯಾವ ಭುಜ ಎಷ್ಟು ತಿರುಗುತ್ತದೆ ಎಂದು ಯಾರಾದರೂ ಕೇಳಬೇಕು. ಡಾಕ್ಟರು ಕೇಳದಿದ್ದರೆ ವಾದಕರೇ ಹೇಳಬೇಕು, ಅದೂ ಆಪರೇಷನ್ ಟೇಬಲ್ ಹತ್ತುವ ಮೊದಲೇ.

ಯಂತ್ರದಲ್ಲಿ ಎರಡು ಭಾಗ. ಒಂದು, ಟೈಟೇನಿಯಂ ಕವಚದ ಬಿಲ್ಲೆ. ಬ್ಯಾಟರಿ, ಸರ್ಕ್ಯೂಟ್ ಎಲ್ಲ ಅದರೊಳಗೆ. ಈಗಿನವು ಹೆಚ್ಚಾಗಿ 20ರಿಂದ 30 ಗ್ರಾಂ ತೂಗುತ್ತವೆ, ನಾಲ್ಕೈದು ಸೆಂಟಿಮೀಟರ್ ಅಗಲ, 6ರಿಂದ 8 ಮಿಲಿಮೀಟರ್ ದಪ್ಪ. ಇನ್ನೊಂದು, ಬಿಲ್ಲೆಯಿಂದ ಹೃದಯಕ್ಕೆ ಹೋಗುವ ಲೀಡ್ ಎಂಬ ತಂತಿ. ಸಿಲಿಕೋನ್ ಅಥವಾ ಪಾಲಿಯುರೆಥೇನ್ ಹೊದಿಕೆಯ ಈ ತಂತಿ ಸಾಮಾನ್ಯವಾಗಿ 52 ಇಲ್ಲವೇ 58 ಸೆಂಟಿಮೀಟರ್ ಉದ್ದ. 1958ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಅವರಿಗೆ ಜಗತ್ತಿನ ಮೊದಲ ಒಳ ಪೇಸ್‌ಮೇಕರ್ ಹಾಕಿದಾಗ ಎದೆ ತೆರೆದು ಹೃದಯದ ಹೊರಮೈಗೆ ತಂತಿ ಹೊಲಿಯಬೇಕಾಗಿತ್ತು. ಆ ಕಾಲದ ಬಿಲ್ಲೆಗಳು ಇರುತ್ತಿದ್ದದ್ದು ಹೊಟ್ಟೆಯ ಗೋಡೆಯಲ್ಲಿ. ರಕ್ತನಾಳದ ಮೂಲಕ ತಂತಿ ಇಳಿಸುವ ದಾರಿ ಸಿಕ್ಕ ಮೇಲೆ ಬಿಲ್ಲೆ ಕಾಲರ್ ಬೋನಿನ ಕೆಳಗೆ ಬಂತು. ಅಲ್ಲಿ ಬಂದದ್ದು ರಕ್ತನಾಳ ಹತ್ತಿರವಿದೆ ಎಂಬ ಅನುಕೂಲಕ್ಕೆ. ತಂತಿಯ ಉದ್ದ ಒದಗುವಷ್ಟು ದೂರ ಅದನ್ನು ಸರಿಸಿ ಇಡಲು ಬರುತ್ತದೆ, ಇಡುತ್ತಾರೆ ಕೂಡ.

ಜಾಗಕ್ಕಿಂತ ಮೊದಲು ಹೃದಯಕ್ಕೆ ಏನು ಬೇಕು ಎಂಬುದು ತೀರ್ಮಾನವಾಗಬೇಕು. ಹೃದಯದ ಮೇಲಿನ ಕೋಣೆಯಾದ ಹೃತ್ಕರ್ಣದಲ್ಲಿರುವ ಹುಟ್ಟುಬಡಿತದ ಗಂಟು ಸೋತಿದೆಯೇ, ಅಥವಾ ಅಲ್ಲಿಂದ ಕೆಳಗಿನ ಕೋಣೆಯಾದ ಹೃತ್ಕುಕ್ಷಿಗೆ ಸಂಕೇತ ಹೋಗುವ ದಾರಿ ಕಡಿದಿದೆಯೇ ಎಂಬುದರ ಮೇಲೆ ಒಂದು ಲೀಡ್ ಸಾಕೋ ಎರಡು ಬೇಕೋ ಎಂಬುದು ನಿಲ್ಲುತ್ತದೆ. ದಾರಿ ಪೂರ್ತಿ ಕಡಿದವರಲ್ಲಿ ಪ್ರತಿ ಬಡಿತವನ್ನೂ ಯಂತ್ರವೇ ಕೊಡಬೇಕು. ಬಲ ಹೃತ್ಕುಕ್ಷಿಯ ತುದಿಯಿಂದ ವರ್ಷಗಟ್ಟಲೆ ಹಾಗೆ ಬಡಿಸಿದರೆ ಕೆಲವರ ಹೃದಯ ಸೊರಗುತ್ತದೆ. ಶೇಕಡಾ 20ರಿಂದ 40ಕ್ಕಿಂತ ಹೆಚ್ಚು ಬಡಿತ ಯಂತ್ರದ್ದೇ ಆಗುವ ಸಂಭವವಿದ್ದರೆ ಹೃದಯದ ಸ್ವಂತ ವಾಹಕ ಜಾಲಕ್ಕೇ, ಅಂದರೆ ಎಡ ಬಂಡಲ್ ಶಾಖೆಯ ಬಳಿ, ಲೀಡ್ ತಿರುಗಿಸಿ ಕೂರಿಸುವುದನ್ನು ಈಗ ಯೋಚಿಸುತ್ತಾರೆ. ಈ ಕೆಲಸದ ಸಲಕರಣೆಗಳ ಬಾಗು ಎಡಗಡೆಯಿಂದ ಹೋಗುವ ದಾರಿಗೆ ಹೊಂದುವಂಥದ್ದು. ಎಡಗಡೆಯ ರಕ್ತನಾಳ ನಿಧಾನವಾಗಿ ಬಳಸಿ ಹೃದಯಕ್ಕೆ ಇಳಿಯುತ್ತದೆ. ಬಲಗಡೆಯದು ಗಿಡ್ಡ, ಆದರೆ ತಿರುವು ಚೂಪು. ಬಲಗಡೆಯಿಂದ ಆಗುವುದೇ ಇಲ್ಲ ಎಂದಲ್ಲ, ಕೈ ಪಳಗಿರಬೇಕು. ಬಲ ಎದೆ ಬೇಕೆಂದು ಕೇಳುವ ವಾದಕರು ಜೊತೆಗೇ ಕೇಳಬೇಕಾದದ್ದು: ನನ್ನ ಹೃದಯಕ್ಕೆ ಒಳ್ಳೆಯದಾದ ಲೀಡ್ ಜಾಗ ಬಲಗಡೆಯಿಂದ ನಿಮಗೆ ಸಲೀಸೇ? ವಾದ್ಯಕ್ಕೆ ಅನುಕೂಲವಾಯಿತೆಂದು ಹೃದಯಕ್ಕೆ ಎರಡನೇ ದರ್ಜೆಯ ಜಾಗ ಒಪ್ಪಿಕೊಳ್ಳುವುದು ನನ್ನ ಪ್ರಕಾರ ತಪ್ಪು. ಬಿಲ್ಲೆಯನ್ನು ಮುಂದೊಂದು ದಿನ ಸರಿಸಬಹುದು; ಸೊರಗಿದ ಹೃದಯವನ್ನು ಮೊದಲಿನಂತೆ ಮಾಡುವುದು ಅಷ್ಟು ಸುಲಭವಲ್ಲ.

ಇನ್ನು ತಂತಿ ಒಳಹೋಗುವ ಬಾಗಿಲು. ವಾದಕರ ಮಟ್ಟಿಗೆ ಎಡವೋ ಬಲವೋ ಎಂಬುದಕ್ಕಿಂತ ಈ ಬಾಗಿಲೇ ದೊಡ್ಡದು ಎನ್ನಬೇಕು. ಬಾಗಿಲು ಮೂರು, ಮೂರೂ ರಕ್ತನಾಳಗಳೇ. ಕಾಲರ್ ಬೋನಿನ ಅಡಿಯಲ್ಲೇ ಸೂಜಿ ಚುಚ್ಚುವ ಸಬ್‌ಕ್ಲೇವಿಯನ್, ಅದಕ್ಕಿಂತ ಹೊರಗೆ ಕಂಕುಳ ಕಡೆಗಿರುವ ಆಕ್ಸಿಲರಿ, ಭುಜ ಮತ್ತು ಎದೆಯ ಸ್ನಾಯುಗಳು ಸೇರುವ ಸಂದಿನಲ್ಲಿ ಕಣ್ಣಾರೆ ಕಂಡು ಬಿಡಿಸಿಕೊಳ್ಳುವ ಸೆಫಾಲಿಕ್. ಸಬ್‌ಕ್ಲೇವಿಯನ್‌ನಲ್ಲಿ ಸೂಜಿ ತೀರ ಒಳಗಡೆ ಹೋದರೆ ತಂತಿ ಕಾಲರ್ ಬೋನು ಮತ್ತು ಮೊದಲ ಪಕ್ಕೆಲುಬಿನ ನಡುವಿನ ಬಿಗಿ ಸಂದಿನಲ್ಲಿ ಸಿಕ್ಕುತ್ತದೆ. ತೋಳು ಎದ್ದು ಇಳಿದಾಗಲೆಲ್ಲ ಎರಡು ಮೂಳೆಗಳೂ ನಡುವಿನ ಗಟ್ಟಿ ಕಟ್ಟೂ ಅದನ್ನು ಕತ್ತರಿಯಂತೆ ಅಗಿಯುತ್ತವೆ. ಮೊದಲು ಹೊದಿಕೆ ಸೀಳುತ್ತದೆ, ಆಮೇಲೆ ಒಳಗಿನ ಲೋಹದ ಸುರುಳಿ ಮುರಿಯುತ್ತದೆ. ದಿನಕ್ಕೆ ಐದಾರು ಗಂಟೆ ಕಮಾನು ಎಳೆಯುವವರ, ಡ್ರಮ್ ಬಾರಿಸುವವರ, ಕೋಲು ಹಿಡಿದು ವಾದ್ಯವೃಂದ ನಡೆಸುವವರ ಭುಜ ವರ್ಷಕ್ಕೆ ಎಷ್ಟು ಸಲ ಆ ಸಂದನ್ನು ಮುಚ್ಚಿ ತೆರೆಯುತ್ತದೆ ಎಂದು ಎಣಿಸಿ ನೋಡಿ. ಅಂಥವರಿಗೆ ಸೆಫಾಲಿಕ್, ಇಲ್ಲವೇ ಅಲ್ಟ್ರಾಸೌಂಡ್ ನೋಡಿಕೊಂಡು ಪಕ್ಕೆಗೂಡಿನ ಹೊರಗೆ ಚುಚ್ಚುವ ಆಕ್ಸಿಲರಿ, ಇವೆರಡರಲ್ಲಿ ಒಂದೇ ಆಗಬೇಕೆಂದು ಮೊದಲೇ ಮಾತಾಡಿಕೊಳ್ಳಬೇಕು.

ಬಾಗಿಲಾದ ಮೇಲೆ ಬಿಲ್ಲೆಯ ಮನೆ. ಅದನ್ನು ಪಾಕೆಟ್ ಎನ್ನುತ್ತಾರೆ. ವಾಡಿಕೆಯಂತೆ ಕಾಲರ್ ಬೋನಿನಿಂದ ಎರಡು ಬೆರಳು ಕೆಳಗೆ ನಾಲ್ಕೈದು ಸೆಂಟಿಮೀಟರ್ ಸೀಳಿ, ಚರ್ಮ ಮತ್ತು ಕೊಬ್ಬಿನ ಕೆಳಗೆ, ಎದೆಯ ದೊಡ್ಡ ಸ್ನಾಯುವಿನ ಮೇಲೆ ಚೀಲದಂತೆ ಬಿಡಿಸುತ್ತಾರೆ. ಲೋಕಲ್ ಅರಿವಳಿಕೆ ಮತ್ತು ಸ್ವಲ್ಪ ಮಂಪರು ಸಾಕು. ಸ್ನಾಯುವಿನ ಅಡಿಯಲ್ಲೂ ಇಡಬಹುದು. ಅಲ್ಲಿ ಬಿಲ್ಲೆ ಹೊರಗೆ ಉಬ್ಬಿ ಕಾಣದು, ವಾದ್ಯದ ಅಂಚು ಚರ್ಮವನ್ನು ಲೋಹಕ್ಕೆ ಒತ್ತಿ ಉಜ್ಜಿ ಹುಣ್ಣು ಮಾಡುವ ಭಯ ಕಡಿಮೆ. ಅದಕ್ಕೆ ತೆರಬೇಕಾದದ್ದು ಹೆಚ್ಚು ನೋವು, ಹೆಚ್ಚು ರಕ್ತ ಒಸರುವ ಸಂಭವ, ಆಳವಾದ ಅರಿವಳಿಕೆ, ಬ್ಯಾಟರಿ ಬದಲಿಸುವಾಗ ಮತ್ತೆ ಸ್ನಾಯು ಬಿಡಿಸುವ ಕೆಲಸ. ತೆಳ್ಳಗಿನ ಮೈಯವರಿಗೆ, ವಾದ್ಯ ನೇರವಾಗಿ ಅದೇ ಜಾಗದ ಮೇಲೆ ಕೂರುವವರಿಗೆ ಇದು ಯೋಗ್ಯ. ಸ್ತನದ ಕೆಳಗಿನ ಮಡಿಕೆಯಲ್ಲಿ, ಕಂಕುಳ ಪಕ್ಕದಲ್ಲಿ ಇಡುವುದೂ ಉಂಟು. ಕಂಕುಳ ಪಕ್ಕದ್ದು ತೋಳನ್ನು ಮೈಗೆ ಒತ್ತಿಕೊಂಡು ನುಡಿಸುವವರಿಗೆ ಕಾಟ ಕೊಡುತ್ತದೆ.

ಒಂದೇ ಎದೆಯ ಮೇಲೂ ಬಿಲ್ಲೆ ಎರಡು ಮೂರು ಸೆಂಟಿಮೀಟರ್ ಒಳಗೆ ಅಥವಾ ಹೊರಗೆ ಇದ್ದರೆ ಅನುಭವ ಬೇರೆಯೇ ಆಗುತ್ತದೆ. ಭುಜದ ಕಡೆಗೆ ತೀರ ಹೊರಗೆ ಇಟ್ಟರೆ ತೋಳನ್ನು ಎದೆಗೆ ಅಡ್ಡ ತಂದಾಗಲೆಲ್ಲ ಬಿಲ್ಲೆಯ ಅಂಚು ಭುಜದ ಸ್ನಾಯುವಿಗೆ ತಾಗುತ್ತದೆ. ಅಡ್ಡಕೊಳಲಿನವರಿಗೆ ಎಡಗಡೆ, ಕಮಾನಿನ ಬುಡದಿಂದ ನುಡಿಸುವ ಪಿಟೀಲಿನವರಿಗೆ ಬಲಗಡೆ ಇದೇ ತೊಂದರೆ. ಅವರಿಗೆ ಬಿಲ್ಲೆ ಎದೆಮೂಳೆಯ ಕಡೆಗೆ ಸರಿದಿರಬೇಕು. ಚೆಲ್ಲೋದವರಿಗೆ ಲೆಕ್ಕ ತಿರುಗುಮುರುಗು: ವಾದ್ಯದ ಬೆನ್ನಿನ ಮೇಲಂಚು ಒರಗುವುದೇ ಎದೆಮೂಳೆಗೆ. ಅವರಿಗೆ ಒಳಗೆ ಸರಿಸಿದರೆ ಮರ ಲೋಹದ ಮೇಲೆ ಕೂರುತ್ತದೆ.

ಪಿಟೀಲಿನದು ಎಲ್ಲಕ್ಕಿಂತ ಕಷ್ಟದ ಲೆಕ್ಕ. ಗಲ್ಲದ ಕೆಳಗೆ ಹಿಡಿಯುವ ಪದ್ಧತಿಯಲ್ಲಿ ವಾದ್ಯ ಎಡ ಕಾಲರ್ ಬೋನಿನ ಮೇಲೆ ಕೂರುತ್ತದೆ. ಅಡಿಗೆ ಸಿಕ್ಕಿಸುವ ಶೋಲ್ಡರ್ ರೆಸ್ಟಿನ ಒಂದು ಪಾದ ಹೆಗಲ ಮೇಲೆ, ಇನ್ನೊಂದು ಪಾದ ಕಾಲರ್ ಬೋನಿನ ಕೆಳಗೆ ಎದೆಯ ಮೇಲೆ. ಆ ಎರಡನೇ ಪಾದದ ಜಾಗವೂ ಡಾಕ್ಟರು ವಾಡಿಕೆಯಂತೆ ಸೀಳುವ ಜಾಗವೂ ಹೆಚ್ಚುಕಡಿಮೆ ಒಂದೇ. ಕುಳಿತು, ಪಿಟೀಲಿನ ತಲೆಯನ್ನು ಕಾಲಿನ ಗಿಣ್ಣಿನ ಮೇಲೆ ಊರಿ ನುಡಿಸುವ ಪದ್ಧತಿಯಲ್ಲಿ ವಾದ್ಯದ ಬುಡ ಎಡ ಎದೆಗೇ ಒತ್ತಿ ನಿಲ್ಲುತ್ತದೆ, ಹಿಡಿತವೆಲ್ಲ ಆ ಒತ್ತಡದ್ದೇ. ಎರಡರಲ್ಲೂ ಎಡಗಡೆ ಚರ್ಮದಡಿಯ ಪಾಕೆಟ್ ಒಗ್ಗುವುದು ಕಷ್ಟ. ಬಲಗಡೆಗೆ ಹೋದರೆ ಕಮಾನಿನ ತೋಳು. ಕೆಳತಂತಿಗೆ, ಅಂದರೆ ಕೆಳಸ್ಥಾಯಿಯ ತಂತಿಗೆ, ಮೊಣಕೈ ಏಳುತ್ತದೆ, ಮೇಲಿನ ತಂತಿಗೆ ಇಳಿಯುತ್ತದೆ, ಪ್ರತಿ ಎಳೆತಕ್ಕೂ ಎದೆಯ ಸ್ನಾಯು ಬಿಗಿದು ಸಡಿಲುತ್ತದೆ. ಒತ್ತಡ ಬೇಕೋ ಚಲನೆ ಬೇಕೋ ಎಂಬ ಆಯ್ಕೆ ಇದು. ನಾನು ಚಲನೆಯನ್ನು ಆರಿಸುತ್ತೇನೆ. ಒಳ್ಳೆಯ ಬಾಗಿಲಿನಿಂದ ತಂತಿ ಇಳಿಸಿದರೆ ಚಲನೆಯ ಅಪಾಯ ಬಹಳ ತಗ್ಗುತ್ತದೆ. ಚರ್ಮದ ಮೇಲೆ ದಿನವೂ ಬೀಳುವ ಒತ್ತಡವನ್ನು ತಗ್ಗಿಸುವ ಬಾಗಿಲು ಇಲ್ಲ. ಹಾಗಾಗಿ ಬಲ ಎದೆ, ಸೆಫಾಲಿಕ್ ಅಥವಾ ಹೊರಗಿನ ಆಕ್ಸಿಲರಿ, ವಾಡಿಕೆಗಿಂತ ಎರಡು ಬೆರಳು ಕೆಳಗೆ, ಎದೆಮೂಳೆಯ ಕಡೆಗೆ. ಯಾವುದಾದರೂ ಕಾರಣಕ್ಕೆ ಎಡಗಡೆಯೇ ಆಗಬೇಕೆಂದರೆ ಸ್ನಾಯುವಿನಡಿ, ಇನ್ನೂ ಕೆಳಗೆ.

ಗಿಟಾರಿನವರಿಗೆ ದಾರಿಗಳು ಹೆಚ್ಚು. ನಿಂತು ನುಡಿಸುವಾಗ ಪಟ್ಟಿ ಎಡ ಹೆಗಲ ಮೇಲಿಂದ ಎದೆಯ ಮುಂದೆ ಇಳಿಯುತ್ತದೆ. ಬೇಸ್ ಗಿಟಾರ್ ನಾಲ್ಕು ಕೆಜಿ ದಾಟುವುದು ಸಾಮಾನ್ಯ, ಆ ಭಾರವೆಲ್ಲ ಗಾಯದ ಗೆರೆಯ ಮೇಲೆ. ಬಲಗಡೆ ಇಟ್ಟರೆ ಪಟ್ಟಿಯ ಚಿಂತೆ ಇಲ್ಲ, ವಾದ್ಯದ ಮೇಲಂಚು ಸಾಮಾನ್ಯವಾಗಿ ಅಷ್ಟು ಎತ್ತರಕ್ಕೆ ಬರುವುದೂ ಇಲ್ಲ. ಎಡಗಡೆಯೇ ಆದರೆ ಅಗಲ ಪಟ್ಟಿ, ಎರಡೂ ಹೆಗಲಿಗೆ ಭಾರ ಹಂಚುವ ಪಟ್ಟಿ, ಅಥವಾ ಕುಳಿತು ನುಡಿಸುವುದು. ಕುಳಿತೇ ನುಡಿಸುವವರಿಗೆ ಎಡ ಎದೆ ಸರಿಹೋಗುತ್ತದೆ.

ಹಾರ್ಪ್ ಬಲ ಹೆಗಲಿಗೆ ಒರಗುತ್ತದೆ, ಅವರಿಗೆ ಎಡ. ಸೂಸಫೋನ್ ಎಡ ಹೆಗಲ ಮೇಲೆ ಕೂರುತ್ತದೆ, ಅವರಿಗೆ ಬಲ. ಬ್ಯಾಗ್‌ಪೈಪಿನ ಚೀಲ ಎಡ ತೋಳಡಿ ಅಮುಕಿರುತ್ತದೆ, ಅವರಿಗೂ ಬಲ. ಪಿಯಾನೋ, ವೀಣೆ, ಮೃದಂಗ ಎದೆಗೆ ತಾಗುವುದಿಲ್ಲ. ಇವರು ವಾಡಿಕೆಯಂತೆ ಹೋಗಬಹುದು. ಘಟದವರಿಗೆ ಎದೆಯ ಚಿಂತೆ ಇಲ್ಲ, ಆದರೆ ಯಾರಾದರೂ ಹೊಟ್ಟೆಯ ಪಾಕೆಟ್ ಮಾತೆತ್ತಿದರೆ ಘಟದ ಬಾಯಿ ಎಲ್ಲಿ ಒತ್ತುತ್ತದೆಂದು ತೋರಿಸಿಬಿಡಬೇಕು. ಸ್ಯಾಕ್ಸೊಫೋನಿನವರು ಕತ್ತಿನ ಪಟ್ಟಿ ಬಿಟ್ಟು ಹೆಗಲ ಮೇಲೆ ಹಾಯುವ ಹಾರ್ನೆಸ್ ಬಳಸುತ್ತಿದ್ದರೆ ಅದನ್ನು ಹಾಕಿಕೊಂಡೇ ಗುರುತು ಮಾಡಿಸಬೇಕು. ಅಕಾರ್ಡಿಯನ್ ಎಲ್ಲರಿಗಿಂತ ಇಕ್ಕಟ್ಟಿನದು: ಹತ್ತು ಕೆಜಿ ಮೀರುವ ವಾದ್ಯ, ಎರಡೂ ಹೆಗಲಿಗೆ ಪಟ್ಟಿ, ಇಡೀ ಎದೆಗೆ ಒತ್ತು, ಮೇಲಾಗಿ ತಿದಿ ಎಳೆಯುವ ಎಡತೋಳು. ಅವರಿಗೆ ಬಲಗಡೆ ಸ್ನಾಯುವಿನಡಿಯ ಪಾಕೆಟ್, ಅಥವಾ ಹೃದಯ ಒಪ್ಪಿದರೆ ಲೀಡ್ ಇಲ್ಲದ ಪೇಸ್‌ಮೇಕರ್.

ಕಾಗದದ ಮೇಲೆ ಎಷ್ಟು ಯೋಚಿಸಿದರೂ ಮೈ ಹೇಳುವುದೇ ಕೊನೆಯ ಮಾತು. ಅದಕ್ಕೊಂದು ಸುಲಭ ಉಪಾಯ. ನಾಲ್ಕೂವರೆ ಸೆಂಟಿಮೀಟರ್ ಅಗಲ, ಐದು ಸೆಂಟಿಮೀಟರ್ ಉದ್ದದ ರಟ್ಟಿನ ತುಂಡುಗಳನ್ನು ಮೂಲೆ ದುಂಡಗೆ ಕತ್ತರಿಸಿ, 7 ಮಿಲಿಮೀಟರ್ ದಪ್ಪ ಬರುವಷ್ಟು ಒಂದರ ಮೇಲೊಂದು ಅಂಟಿಸಿ. ಚರ್ಮಕ್ಕೆ ಅಂಟುವ ವೈದ್ಯಕೀಯ ಟೇಪಿನಿಂದ ಎದೆಯ ಮೇಲೆ ಹಚ್ಚಿಕೊಂಡು ದಿನದ ಅಭ್ಯಾಸ ಪೂರ್ತಿ ಮಾಡಿ. ಮೊದಲ ದಿನ ವಾಡಿಕೆಯ ಜಾಗ, ಮರುದಿನ ಎರಡು ಬೆರಳು ಕೆಳಗೆ, ಆಮೇಲೆ ಇನ್ನೊಂದು ಎದೆ. ನಿಧಾನದ ನುಡಿಸಾಣಿಕೆಯಲ್ಲಿ ಗೊತ್ತಾಗದ್ದು ದ್ರುತದಲ್ಲಿ, ಕೆಳತಂತಿಯಲ್ಲಿ, ದೂರದ ಸಿಂಬಲ್ ಮುಟ್ಟುವಾಗ ಗೊತ್ತಾಗುತ್ತದೆ. ವಾದ್ಯದ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡೂ ನಡೆದು ನೋಡಿ. ಎಷ್ಟೋ ಜನರಿಗೆ ವಾದ್ಯಕ್ಕಿಂತ ಪೆಟ್ಟಿಗೆಯ ಪಟ್ಟಿಯೇ ಮುಳ್ಳು. ಸರಿಹೊಂದಿದ ಜಾಗವನ್ನು ವಾದ್ಯ ಹಿಡಿದ ಭಂಗಿಯಲ್ಲೇ ಫೋಟೊ ತೆಗೆಸಿ, ಕಾಲರ್ ಬೋನಿನಿಂದ ಎಷ್ಟು ಸೆಂಟಿಮೀಟರ್, ಎದೆಮೂಳೆಯ ನಡುಗೆರೆಯಿಂದ ಎಷ್ಟು ಎಂದು ಬರೆದಿಡಿ.

ಆಪರೇಷನ್ ದಿನ ಕುಳಿತಿರುವಾಗಲೇ ಮಾರ್ಕರಿನಿಂದ ಗುರುತು ಹಾಕಿಸಬೇಕು. ಟೇಬಲ್ಲಿನ ಮೇಲೆ ಮಲಗಿದಾಗ ಎದೆಯ ಚರ್ಮ ತಲೆಯ ಕಡೆಗೂ ಪಕ್ಕಕ್ಕೂ ಜಾರುತ್ತದೆ. ಮಲಗಿದ ಮೈಯಲ್ಲಿ ಸರಿಯಾಗಿ ಕಂಡ ಜಾಗ ಎದ್ದು ಕೂತಾಗ ಇಳಿಯುತ್ತದೆ, ದಪ್ಪ ಮೈಯವರಲ್ಲಿ ಇನ್ನೂ ಹೆಚ್ಚು. ಬಿಲ್ಲೆಯನ್ನು ಅಡಿಯ ಸ್ನಾಯುವಿನ ಪೊರೆಗೆ ಒಂದು ಹೊಲಿಗೆ ಹಾಕಿ ಕಟ್ಟಲು ಕೇಳಿಕೊಳ್ಳಿ. ಸಡಿಲ ಪಾಕೆಟ್‌ನಲ್ಲಿ ಬಿಲ್ಲೆ ಮಗುಚಿ, ತಂತಿ ಸುತ್ತಿಕೊಂಡು, ತುದಿ ಹೃದಯದಿಂದ ಕಿತ್ತು ಬರುವ ತೊಂದರೆಗೆ ಅದೇ ತಡೆ.

ಹಾಡುವವರಿಗೂ ಗಾಳಿವಾದ್ಯದವರಲ್ಲಿ ಹೆಚ್ಚಿನವರಿಗೂ ಎಡ ಬಲದ ತಕರಾರು ಕಡಿಮೆ. ಅವರ ಚಿಂತೆ ಉಸಿರಿನದು. ಸಬ್‌ಕ್ಲೇವಿಯನ್ ಸೂಜಿ ಶ್ವಾಸಕೋಶದ ತುದಿಗೆ ತಾಗಿದರೆ ಎದೆಗೂಡಿನೊಳಗೆ ಗಾಳಿ ಸೋರಿ ಶ್ವಾಸಕೋಶ ಮುದುಡುತ್ತದೆ. ನೂರರಲ್ಲಿ ಒಂದಿಬ್ಬರಿಗೆ ಹೀಗಾಗುವುದುಂಟು. ಸೆಫಾಲಿಕ್ ಬಾಗಿಲಿನಲ್ಲಿ ಕುರುಡಾಗಿ ಚುಚ್ಚುವುದೇ ಇಲ್ಲವಾದ್ದರಿಂದ ಆ ಅಪಾಯ ಇಲ್ಲವೆಂಬಷ್ಟು ಕಡಿಮೆ. ಊದುವವರು ಅದನ್ನೇ ಕೇಳಬೇಕು, ಎಕ್ಸ್‌ರೇ ನೋಡಿ ಡಾಕ್ಟರು ಹೇಳುವ ತನಕ ಒಂದು ಸ್ವರವನ್ನೂ ಊದಬಾರದು.

ಎರಡನೆಯದು ತಂತಿಯ ಸಡಿಲ. ದೀರ್ಘವಾಗಿ ಉಸಿರೆಳೆದಾಗ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವಾದ ವಪೆ ಇಳಿಯುತ್ತದೆ, ಅದರೊಂದಿಗೆ ಹೃದಯವೂ ಇಳಿಯುತ್ತದೆ. ಮಲಗಿ ಮೆಲ್ಲಗೆ ಉಸಿರಾಡುವವರ ಮೈಯಲ್ಲಿ ಸಾಕೆನಿಸಿದ ಸಡಿಲ, ಟ್ರಂಪೆಟ್ಟಿಗೋ ನಾಗಸ್ವರಕ್ಕೋ ತುಂಬಿಕೊಳ್ಳುವ ಉಸಿರಿಗೆ ಬಿಗಿಯಾಗಬಹುದು. ಎಕ್ಸ್‌ರೇ ಪರದೆಯ ಮುಂದೆ ಪೂರ್ತಿ ಉಸಿರೆಳೆಸಿ, ಕೆಮ್ಮಿಸಿ ತಂತಿಯ ಬಾಗನ್ನು ನೋಡುವುದು ವಾಡಿಕೆಯ ಹೆಜ್ಜೆಯೇ. ನಾನು ಊದುವವನು, ನನ್ನ ಪೂರ್ತಿ ಉಸಿರು ಇಷ್ಟು ಎಂದು ಮೊದಲೇ ಹೇಳಿದ್ದರೆ ಆ ಹೆಜ್ಜೆಯನ್ನು ಅಷ್ಟು ಗಮನ ಕೊಟ್ಟು ಮಾಡುತ್ತಾರೆ.

ಮೂರನೆಯದು ವಪೆಯ ನರ. ಬಲ ಹೃತ್ಕರ್ಣದ ಹೊರಗೋಡೆಯ ಪಕ್ಕದಲ್ಲೇ ಬಲಗಡೆಯ ನರ, ಎಡ ಹೃತ್ಕುಕ್ಷಿಯ ಹೊರಗೋಡೆಯ ಮೇಲೆ ಎಡಗಡೆಯ ನರ ಹಾಯುತ್ತದೆ. ಲೀಡಿನ ತುದಿ ಅವುಗಳಿಗೆ ಹತ್ತಿರವಾದರೆ ಪ್ರತಿ ಬಡಿತಕ್ಕೂ ವಪೆ ಬಿಕ್ಕಳಿಕೆಯಂತೆ ಜಿಗಿಯುತ್ತದೆ. ಬೇರೆಯವರು ಇದನ್ನು ಕಿರಿಕಿರಿ ಎಂದು ಸಹಿಸಿಯಾರು. ಒಂದು ಸ್ವರವನ್ನು ಅಲುಗದೆ ಹಿಡಿದು ನಿಲ್ಲಿಸಬೇಕಾದವರಿಗೆ ಅದು ವೃತ್ತಿಯ ಪ್ರಶ್ನೆ. ಹಾಕುವಾಗಲೇ 10 ವೋಲ್ಟಿನ ತನಕ ಏರಿಸಿ ವಪೆ ಅಲುಗುತ್ತದೆಯೇ ಎಂದು ನೋಡುತ್ತಾರೆ. ಆಮೇಲೆ ಕಾಣಿಸಿಕೊಂಡರೆ ಮೊದಲು ವೋಲ್ಟೇಜ್ ಇಳಿಸಿ ನೋಡುವುದು. ಎಡ ಹೃತ್ಕುಕ್ಷಿಯನ್ನೂ ಬಡಿಸುವ ಮೂರು ಲೀಡಿನ ಯಂತ್ರದಲ್ಲಿ ಎಡಗಡೆಯ ಲೀಡಿಗೆ ನಾಲ್ಕು ತುದಿಗಳಿದ್ದರೆ ಯಾವ ತುದಿಯಿಂದ ಬಡಿಸಬೇಕೆಂಬುದನ್ನು ಹೊರಗಿನಿಂದಲೇ ಬದಲಿಸಬಹುದು.

ಜಾಗಕ್ಕೂ ಲಯಕ್ಕೂ ಇನ್ನೊಂದು ಗಂಟಿದೆ, ಇದನ್ನು ಹೇಳುವವರು ಕಡಿಮೆ. ಹುಟ್ಟುಬಡಿತದ ಗಂಟು ಸೋತವರಿಗೆ, ಶ್ರಮ ಹೆಚ್ಚಾದಾಗ ಬಡಿತ ಏರಿಸುವ ಸೆನ್ಸರನ್ನು ಚಾಲೂ ಮಾಡುತ್ತಾರೆ. ಹೆಚ್ಚಿನ ಬಿಲ್ಲೆಗಳಲ್ಲಿರುವುದು ಅಲುಗಾಟ ಅಳೆಯುವ ಸೆನ್ಸರ್. ಬಿಲ್ಲೆ ಬಾರಿಸುವ ತೋಳಿನ ಪಕ್ಕದಲ್ಲಿದ್ದರೆ, ಮೈ ದಣಿಯದಿದ್ದರೂ ತೋಳಿನ ಅಲುಗಾಟವನ್ನೇ ಓಟವೆಂದು ತಿಳಿದು ಅದು ಬಡಿತ ಏರಿಸಬಹುದು. ಅಲುಗದೆ ಕುಳಿತು ಮೂರು ತಾಸು ಏರುಸ್ಥಾಯಿಯಲ್ಲಿ ಹಾಡುವವರ ಶ್ರಮವನ್ನು ಅದೇ ಸೆನ್ಸರ್ ಕಾಣುವುದೇ ಇಲ್ಲ. ಉಸಿರಾಟ ಅಳೆಯುವ ಸೆನ್ಸರ್ ಬೇರೆ ಇದೆ, ಆದರೆ ಗಬಕ್ಕನೆ ಎಳೆದು ಉದ್ದಕ್ಕೆ ಬಿಡುವ ಊದುಗಾರರ ಉಸಿರಿನಲ್ಲಿ ಅದರ ಲೆಕ್ಕವೂ ತಪ್ಪಬಹುದು. ಹೃದಯ ಸ್ನಾಯುವಿನ ಬಿಗುವನ್ನು ಗಮನಿಸಿ ಮನಸ್ಸಿನ ಉದ್ವೇಗಕ್ಕೂ ಸ್ಪಂದಿಸುವ ಬಗೆ ಇನ್ನೊಂದು. ಕೂತಲ್ಲೇ ಶ್ರಮಪಡುವವರು ಇದನ್ನು ವಿಚಾರಿಸಿ ನೋಡಬೇಕು.

ಗಂಟು ಚೆನ್ನಾಗಿದ್ದು ದಾರಿ ಮಾತ್ರ ಕಡಿದವರಿಗೆ ಸೆನ್ಸರ್ ಬೇಕಿಲ್ಲ. ಯಂತ್ರ ಹೃತ್ಕರ್ಣವನ್ನೇ ಹಿಂಬಾಲಿಸುತ್ತದೆ. ಅವರು ಕೇಳಬೇಕಾದದ್ದು ಹಿಂಬಾಲಿಸುವ ಮೇಲ್ಮಿತಿ. ಲೆಕ್ಕ ಹೀಗೆ: ಹೃತ್ಕರ್ಣದಿಂದ ಹೃತ್ಕುಕ್ಷಿಗೆ ಯಂತ್ರ ಕಾಯುವ ಹೊತ್ತು 180 ಮಿಲಿಸೆಕೆಂಡ್, ಬಡಿತ ಕೊಟ್ಟ ಮೇಲೆ ಹೃತ್ಕರ್ಣದ ಕಡೆ ಕಿವಿ ಮುಚ್ಚಿಕೊಳ್ಳುವ ಹೊತ್ತು 280 ಎಂದಿಟ್ಟರೆ ಒಟ್ಟು 460. ಒಂದು ನಿಮಿಷದ 60,000 ಮಿಲಿಸೆಕೆಂಡನ್ನು 460ರಿಂದ ಭಾಗಿಸಿದರೆ 130. ಹೃತ್ಕರ್ಣ 132ಕ್ಕೆ ಏರಿತೋ, ಯಂತ್ರ ಎರಡಕ್ಕೆ ಒಂದನ್ನಷ್ಟೇ ಹಿಡಿಯುತ್ತದೆ, ಹೃದಯ 66ಕ್ಕೆ ಬೀಳುತ್ತದೆ. ದುಪ್ಪಟ್ಟು ವೇಗದ ಎರಡನೇ ಕಾಲದಿಂದ ಒಂದನೇ ಕಾಲಕ್ಕೆ ಇಳಿದಂತೆ, ಅದೂ ತಾಳವಾದ್ಯದವರ ಒಂಟಿ ಸರದಿಯಾದ ತನಿ ಕಟ್ಟುವ ಹೊತ್ತಿಗೆ. ಡ್ರಮ್ಮಿನವರು ಜೋರು ನುಡಿಸಾಣಿಕೆಯ ನಡುವೆ ಇದ್ದಕ್ಕಿದ್ದಂತೆ ಕಣ್ಣು ಕತ್ತಲಾಗುತ್ತದೆ ಎಂದರೆ ಇದನ್ನು ನೆನೆಯಬೇಕು. ಆ ಎರಡು ಹೊತ್ತುಗಳನ್ನೂ ಗಿಡ್ಡ ಮಾಡಿ ಮಿತಿಯನ್ನು ಏರಿಸುವುದು, ಯಂತ್ರವನ್ನು ಹೊರಗಿನಿಂದ ಹೊಂದಿಸುವ ಪ್ರೋಗ್ರಾಮರ್ ಎಂಬ ಸಲಕರಣೆಯಲ್ಲಿ ಕೆಲವು ನಿಮಿಷಗಳ ಕೆಲಸ. ಕಛೇರಿ ಮುಗಿದ ವಾರ ಚೆಕಪ್‌ಗೆ ಹೋಗಿ, ಆ ಸಂಜೆಯ ಗಂಟೆಗಳನ್ನು ಹೇಳಿದರೆ ಬಡಿತ ಎಲ್ಲಿ ತನಕ ಏರಿತ್ತು ಎಂದು ಯಂತ್ರದ ನೆನಪಿನಲ್ಲಿ ಹುಡುಕಬಹುದು.

ಲೀಡ್ ಇಲ್ಲದ ಪೇಸ್‌ಮೇಕರ್ ವಾದಕರಿಗೆ ವರವೆಂದೇ ತೋರುತ್ತದೆ: ಪಾಕೆಟ್ ಇಲ್ಲ, ತಂತಿ ಇಲ್ಲ, ಎದೆಯ ಮೇಲೆ ಗಾಯವೇ ಇಲ್ಲ. ಮೈಕ್ರಾ ಎಂಬುದು 25.9 ಮಿಲಿಮೀಟರ್ ಉದ್ದ, 6.7 ಮಿಲಿಮೀಟರ್ ದಪ್ಪದ ಕೊಳವೆ. ತೊಡೆಸಂದಿನ ರಕ್ತನಾಳದಿಂದ ಬಲ ಹೃತ್ಕುಕ್ಷಿಯೊಳಗೆ ಒಯ್ದು ಬಿಡುತ್ತಾರೆ. ಅಮೆರಿಕದಲ್ಲಿ ಅದಕ್ಕೆ 2016ರಲ್ಲಿ ಮಂಜೂರಾತಿ ಸಿಕ್ಕಿತು. ಹೃತ್ಕರ್ಣದ ಚಲನೆಯನ್ನು ಗ್ರಹಿಸುವ ಮಾದರಿಗೆ 2020ರಲ್ಲಿ. ಎರಡೂ ಕೋಣೆಗೆ ಒಂದೊಂದು ಕೊಳವೆ ಇಡುವ ಆವೇರ್ ಜೋಡಿಗೆ 2023ರಲ್ಲಿ. ಒಂದೆರಡು ವಾರದಲ್ಲಿ ವಾದ್ಯ ಹಿಡಿಯಲು ಸಾಧ್ಯವಾಗುವುದು ದೊಡ್ಡ ಆಕರ್ಷಣೆ. ಆದರೂ ಮೂರು ಮಾತು ಕೇಳಿಕೊಳ್ಳಬೇಕು. ಒಂಟಿ ಕೊಳವೆ ಹೃತ್ಕುಕ್ಷಿಯನ್ನು ಮಾತ್ರ ಬಡಿಸಿದಾಗ ಎರಡು ಕೋಣೆಗಳ ಹೊಂದಾಣಿಕೆ ತಪ್ಪಿ ಕತ್ತಿನಲ್ಲಿ ದಬದಬ ಬಡಿತ, ಆಯಾಸ ಬರುವುದುಂಟು. ಹಾಡುವವರಿಗೆ ಆ ಕತ್ತಿನ ಬಡಿತ ಸಣ್ಣದಲ್ಲ. ಚಲನೆ ಗ್ರಹಿಸುವ ಮಾದರಿಯ ಹೊಂದಾಣಿಕೆ ಬಡಿತ ಏರಿದಂತೆ ಸಡಿಲವಾಗುತ್ತದೆ. ಮತ್ತೆ, ಬ್ಯಾಟರಿ ತೀರಿದ ಹಳೆಯ ಕೊಳವೆ ಅಂಗಾಂಶದಲ್ಲಿ ಹುದುಗಿದ್ದರೆ ತೆಗೆಯುವುದು ಕಷ್ಟ, ಪಕ್ಕದಲ್ಲೇ ಇನ್ನೊಂದು ಇಡಬೇಕಾಗಬಹುದು. ಎಪ್ಪತ್ತೈದರ ವಾದಕರಿಗೆ ಇದು ಸುಲಭದ ಆಯ್ಕೆ. ಮೂವತ್ತೈದರವರಿಗೆ, ಅದರಲ್ಲೂ ಪ್ರತಿ ಬಡಿತವೂ ಯಂತ್ರದ್ದೇ ಆಗುವವರಿಗೆ, ನಾನು ಅವಸರಪಡುವುದಿಲ್ಲ.

ವಾದ್ಯಕ್ಕೆ ಮರಳುವ ಹೊತ್ತಿನ ಬಗ್ಗೆ. ಲೀಡಿನ ತುದಿಯ ಸ್ಕ್ರೂ ಎರಡು ಮಿಲಿಮೀಟರಿನಷ್ಟು ಮಾತ್ರ. ಸುತ್ತ ಅಂಗಾಂಶ ಬೆಳೆದು ಬಿಗಿಯುವ ತನಕ ಅದೊಂದೇ ಆಧಾರ. ಜಾರುವುದು ನೂರರಲ್ಲಿ ಎರಡು ಮೂರು ಜನರಿಗೆ, ಹೆಚ್ಚಾಗಿ ಮೊದಲ ದಿನಗಳಲ್ಲೇ. ಅದಕ್ಕೇ ನಾಲ್ಕರಿಂದ ಆರು ವಾರ ಆ ಕಡೆಯ ಮೊಣಕೈ ಭುಜಕ್ಕಿಂತ ಮೇಲೆ ಏಳಬಾರದು, ಐದು ಕೆಜಿಯಷ್ಟು ಭಾರ ಎತ್ತಬಾರದು ಎನ್ನುತ್ತಾರೆ. ಹೆದರಿ ತೋಳನ್ನು ಮೈಗೆ ಕಟ್ಟಿಕೊಂಡು ಕೂತರೆ ಭುಜ ಹೆಪ್ಪುಗಟ್ಟಿದಂತೆ ಬಿಗಿಯುತ್ತದೆ, ಅದನ್ನು ಬಿಡಿಸಲು ತಿಂಗಳುಗಳು ಬೇಕು. ಸೊಂಟದ ಮಟ್ಟದಲ್ಲಿ ತೋಳಾಡಿಸುತ್ತಿರಬೇಕು. ಬೆರಳು ಮಣಿಕಟ್ಟಿನ ಅಭ್ಯಾಸಕ್ಕೆ ಮೊದಲ ವಾರವೂ ಅಡ್ಡಿಯಿಲ್ಲ. ಪಿಯಾನೋದ ನಡು ಸಪ್ತಕ, ತೊಡೆಯ ಮೇಲಿಟ್ಟ ಪ್ಯಾಡಿನಲ್ಲಿ ಕೋಲಿನ ಪಾಠ, ಮೃದಂಗದ ಮೆಲುನುಡಿ ಡಾಕ್ಟರನ್ನು ಕೇಳಿಕೊಂಡು ಬೇಗ ಆರಂಭಿಸಬಹುದು. ಪಿಟೀಲಿನ ಕೆಳತಂತಿ, ಎತ್ತರದ ಸಿಂಬಲ್, ತಲೆಯ ಮೇಲೆ ಕೋಲೆತ್ತುವ ನಿರ್ದೇಶನ ಕೊನೆಗೆ. ಪದೇ ಪದೇ ಮರೆಯುವುದು ಸಾಮಾನು ಎತ್ತುವುದನ್ನು. ವಾದ್ಯ ನುಡಿಸಿ ಲೀಡ್ ಜಾರಿಸಿಕೊಳ್ಳದವರು ಆಂಪ್ಲಿಫೈಯರ್ ಎತ್ತಿ ಜಾರಿಸಿಕೊಂಡಾರು. ತುರ್ತು ಇಲ್ಲದಿದ್ದರೆ ಕಾರ್ಯಕ್ರಮವಿಲ್ಲದ ಆರು ವಾರ ನೋಡಿ ದಿನ ಗೊತ್ತುಮಾಡಿಕೊಳ್ಳಬಹುದು. ತಲೆಸುತ್ತಿ ಬಿದ್ದವರಿಗೆ, ದಾರಿ ಪೂರ್ತಿ ಕಡಿದವರಿಗೆ ಆ ಸ್ವಾತಂತ್ರ್ಯವಿಲ್ಲ. ಭುಜನೋವಿಗೆ ಫಿಸಿಯೋಥೆರಪಿಗೆ ಹೋದರೆ ಪೇಸ್‌ಮೇಕರ್ ಇದೆ ಎಂದು ಮೊದಲ ಮಾತಿಗೇ ಹೇಳಿ. ಶಾರ್ಟ್‌ವೇವ್ ಡಯಾಥರ್ಮಿ ಎಂಬ ಶಾಖ ಚಿಕಿತ್ಸೆ ಇವರಿಗೆ ನಿಷಿದ್ಧ, ವಿದ್ಯುತ್ ಮಿಡಿತ ಕೊಡುವ ಟೆನ್ಸ್ ಯಂತ್ರ ಎದೆ ಭುಜದ ಹತ್ತಿರ ಬರಕೂಡದು.

ವೇದಿಕೆಯ ಮೇಲೆ ಹೆದರಬೇಕಾದದ್ದು ಶಬ್ದಕ್ಕಲ್ಲ, ಅಯಸ್ಕಾಂತಕ್ಕೆ. ಸುಮಾರು 10 ಗಾಸ್‌ಗಿಂತ ಬಲವಾದ ಅಯಸ್ಕಾಂತ ಬಿಲ್ಲೆಗೆ ತಾಗಿಕೊಂಡಂತಿದ್ದರೆ ಯಂತ್ರ ಹೃದಯದ ಮಾತು ಕೇಳುವುದನ್ನು ಬಿಟ್ಟು ಕಂಪನಿ ನಿಗದಿ ಮಾಡಿದ ಒಂದೇ ದರದಲ್ಲಿ, ಹೆಚ್ಚಾಗಿ 85ರಿಂದ 100ರ ನಡುವೆ, ಬಡಿಯತೊಡಗುತ್ತದೆ. ದೂರ ಸರಿಸಿದರೆ ಮೊದಲಿನಂತಾಗುತ್ತದೆ. ಹೆಡ್‌ಫೋನ್ ಕಿವಿಯ ಮೇಲಿದ್ದರೆ ಚಿಂತೆಯಿಲ್ಲ, ಕತ್ತಿಗೆ ಇಳಿಬಿಟ್ಟಾಗ ಅದರ ಬಟ್ಟಲು ಬಿಲ್ಲೆಯಿಂದ 3 ಸೆಂಟಿಮೀಟರಿನೊಳಗೆ ಬರಬಹುದು. ಅಂಗಿಗೆ ಅಯಸ್ಕಾಂತದಿಂದ ಕಚ್ಚಿಸುವ ಕಾಲರ್ ಮೈಕ್ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಕೂರುವ ಜಾಗವೇ ಎದೆ. ಕ್ಲಿಪ್ ಇರುವುದನ್ನೇ ಕೇಳಿ. ವೈರ್‌ಲೆಸ್ ಮೈಕಿನ ಡಬ್ಬಿಯನ್ನು ಸೊಂಟದ ಹಿಂದೆ, ಫೋನನ್ನು ಬಿಲ್ಲೆಯಿಂದ 15 ಸೆಂಟಿಮೀಟರ್ ದೂರ ಇಡಬೇಕು. ದೊಡ್ಡ ಸ್ಪೀಕರನ್ನು ಎದೆಗವಚಿ ಹೊರುವಂತಿಲ್ಲ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಹೊಟ್ಟೆಯ ಮಟ್ಟದಲ್ಲಿರುವುದರಿಂದ ತೊಂದರೆಯಿಲ್ಲ. ತೊಂದರೆ ಇರುವುದು ಕೆಟ್ಟ ಅರ್ತಿಂಗ್‌ನಲ್ಲಿ. ಗಿಟಾರಿನ ತಂತಿ ಒಂದು ಕೈಯಲ್ಲಿ, ಮೈಕ್ ತುಟಿಗೆ. ಎರಡರ ಅರ್ತಿಂಗ್ ಬೇರೆಯಾಗಿದ್ದರೆ ಮೈಯೊಳಗೆ ಸೋರುವ ಕರೆಂಟನ್ನು ಯಂತ್ರ ಹೃದಯದ ಬಡಿತವೆಂದು ತಪ್ಪಾಗಿ ತಿಳಿದು ಬಡಿಸುವುದನ್ನು ನಿಲ್ಲಿಸಬಹುದು. ಲೀಡಿನ ತುದಿಯ ಎರಡು ಬಿಂದುಗಳ ನಡುವೆಯಷ್ಟೇ ಆಲಿಸುವ ಬೈಪೋಲಾರ್ ಸೆನ್ಸಿಂಗ್ ಇದ್ದರೆ ಈ ಅಪಾಯ ಬಹಳ ಕಡಿಮೆ, ಆದರೂ ತುಟಿಗೆ ಚುರುಕ್ ಎನ್ನುವ ಮೈಕನ್ನು ಸರಿಪಡಿಸುವ ತನಕ ಮುಟ್ಟಬಾರದು.

ಚೆಕಪ್‌ಗೆ ವಾದ್ಯವನ್ನು ಒಯ್ಯಿರಿ. ಪ್ರೋಗ್ರಾಮರ್ ಜೋಡಿಸಿರುವಾಗಲೇ ಕಷ್ಟದ ಭಂಗಿಗಳಲ್ಲೆಲ್ಲ ನುಡಿಸಿ ತೋರಿಸಿ. ತಂತಿ ಎಲ್ಲಾದರೂ ಸವೆದಿದ್ದರೆ ಯಾವುದೋ ಒಂದು ಎಳೆತಕ್ಕೆ ಪರದೆಯ ಮೇಲೆ ಗದ್ದಲದ ಗೆರೆಗಳು ಏಳುತ್ತವೆ. ಸುಮ್ಮನೆ ಮಲಗಿ ಪರೀಕ್ಷಿಸಿಕೊಂಡರೆ ಕಾಣುವುದಿಲ್ಲ. ಲೀಡಿನ ರೋಧವನ್ನು ಪ್ರತಿ ಸಲ ಬರೆದುಕೊಳ್ಳಿ. ಸಾಮಾನ್ಯವಾಗಿ ಕೆಲವು ನೂರು ಓಮ್‌ಗಳಲ್ಲಿ ಸ್ಥಿರವಾಗಿರುವ ಸಂಖ್ಯೆ ಇದ್ದಕ್ಕಿದ್ದಂತೆ 2,000 ದಾಟಿದರೆ ಒಳತಂತಿ ಮುರಿದಿರಬಹುದು, 200ಕ್ಕಿಂತ ಇಳಿದರೆ ಹೊದಿಕೆ ಸೀಳಿರಬಹುದು. ನಿಂತ ಸಂಖ್ಯೆಗಿಂತ ಅದರ ಏರಿಳಿತ ಹೆಚ್ಚು ಹೇಳುತ್ತದೆ.

ಎಂಟು ಹತ್ತು ವರ್ಷಕ್ಕೆ, ಕೆಲವೊಮ್ಮೆ ಇನ್ನೂ ತಡವಾಗಿ, ಬ್ಯಾಟರಿ ತೀರಿ ಬಿಲ್ಲೆ ಬದಲಿಸುವ ದಿನ ಬರುತ್ತದೆ. ಲೀಡ್ ಚೆನ್ನಾಗಿದ್ದರೆ ಅದನ್ನು ಮುಟ್ಟುವುದಿಲ್ಲ. ಒತ್ತುತ್ತಿದ್ದ ಪಾಕೆಟನ್ನು ಕೆಳಗೋ ಒಳಗೋ ಸರಿಸಿಕೊಳ್ಳಲು ಅದೇ ಸಮಯ. ನಡುವೆ ಅದೊಂದಕ್ಕೇ ತೆರೆಸುವುದು ಬೇಡ, ಪ್ರತಿ ಸಲ ತೆರೆದಾಗಲೂ ಸೋಂಕಿನ ಸಂಭವ ಏರುತ್ತದೆ. ಆ ದಿನಕ್ಕೆ ಬೇಕಾಗುವ ಕಾಗದ ಇಂದಿನದು: ಯಾವ ರಕ್ತನಾಳದಿಂದ ಹೋದರು, ಪಾಕೆಟ್ ಚರ್ಮದಡಿಯೋ ಸ್ನಾಯುವಿನಡಿಯೋ, ಬಿಲ್ಲೆ ಮತ್ತು ಲೀಡಿನ ಮಾದರಿ ಸಂಖ್ಯೆ, ಎಂಆರ್‌ಐಗೆ ಅದು ಒಪ್ಪುವ ಜೋಡಿಯೇ. ಇದೆಲ್ಲ ಇರುವ ಆಪರೇಷನ್ ಟಿಪ್ಪಣಿಯನ್ನು ಡಿಸ್ಚಾರ್ಜ್ ದಿನವೇ ಕೇಳಿ ತೆಗೆದುಕೊಂಡು, ಒಂದು ಪ್ರತಿಯನ್ನು ವಾದ್ಯದ ಪೆಟ್ಟಿಗೆಯಲ್ಲಿ, ಹೆಚ್ಚುವರಿ ತಂತಿಗಳ ಜೊತೆಗೆ ಇಟ್ಟುಕೊಳ್ಳಿ.